ಲೋಕಲ್ ಬಿಟ್ಟವಳು

ಬಾಂದ್ರಾದಲ್ಲಿ ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯವಿತ್ತು. ತಂಡದಲ್ಲಿ ಇನ್ನೊಂದೇ ಜಾಗ ಬಾಕಿ; ರಿಯಾಗೆ, ಇಲ್ಲವೇ ಶೈಲಾಗೆ. ಚೆಂಬೂರು ಸ್ಟೇಷನ್ನಿಗೆ ಲೋಕಲ್ ರೈಲು ಬಂದದ್ದೇ, ಎಸೆದದ್ದೆಲ್ಲ ಬಾಸ್ಕೆಟ್ಟಿಗೆ ಬೀಳಿಸುವ ರಿಯಾ ನುಗ್ಗಿ ಕಿಟಕಿ ಸೀಟು ಹಿಡಿದಳು. ಶೈಲಾಗೂ ಸೀಟು ಸಿಕ್ಕಿತ್ತು. ಆದರೆ ಚೆಂಡಿನ ಚೀಲ ಹೊತ್ತ ಗೆಳತಿ ಹತ್ತಲಾಗದೆ ನಿಂತದ್ದು ಕಂಡು ಇಳಿದುಬಿಟ್ಟಳು. ಲೋಕಲ್ ಹೊರಟಿತು.

ಎಲ್ಲರೂ ಹತ್ತಲಿ ಎಂದು ನನ್ನ ಜೊತೆ ಕೆಳಗೇ ನಿಂತಿದ್ದ ಕೋಚ್ ಜಯಕ್ಕ, “ಶೈಲಾ ಆಡ್ಲಿ,” ಎಂದರು.

ಸ್ಕೋರ್ ಬರೆಯುವವಳು ನಾನು, ಸುಮ್ಮನಿರಲಾಗಲಿಲ್ಲ. “ರಿಯಾ ಆಟ ನೋಡಿದ ಮೇಲೂ?”

“ಬಾಸ್ಕೆಟ್ ಹಾಕುವುದು ನಾನು ಕಲಿಸ್ತೇನೆ ಮಾರಾಯ್ತಿ. ಸಿಕ್ಕಿದ ಸೀಟು ಬಿಡುವುದನ್ನು ಈ ಊರಲ್ಲಿ ಯಾರು ಕಲಿಸ್ತಾರೆ?”

ನಾನು ಸ್ಕೋರ್ ಪುಸ್ತಕ ತೆರೆದು ಶೈಲಾ ಹೆಸರು ಬರೆದೆ.

ಮುಂದಿನ ಲೋಕಲ್ ಹಿಡಿದು ಮೈದಾನ ಮುಟ್ಟಿದಾಗ ಗೇಟಿನಲ್ಲೇ ರಿಯಾ ಕಾದಿದ್ದಳು.

“ಯಾಕೆ ಜಯಕ್ಕಾ, ಇಷ್ಟು ಲೇಟು?”