ಕಹಿಯಾದ ಹಾಲು

ನಾನು ಗೋಕಾಕದ ದವಾಖಾನೆಯಲ್ಲಿ ನರ್ಸ್ ಆಗಿದ್ದಾಗ, ಕೌಜಲಗಿಯ ಗಂಗವ್ವ ಎಂಬ ಮುದುಕಿಯ ಆರೈಕೆಗೆ ಡಾಕ್ಟರು ನನ್ನನ್ನು ಕಳಿಸಿದ್ದರು. ಜ್ವರ ಬಿಟ್ಟಿದ್ದರೂ ಕುಡಿದ ಹಾಲೆಲ್ಲ ವಾಂತಿಯಾಗುತ್ತಿತ್ತು. ಎದ್ದು ಕೂರಲಾರದಷ್ಟು ಸೋತಿದ್ದಳು.

ಚೀಲದಿಂದ ಒಂದು ಸೀಸೆ ತೆಗೆದು, "ಈ ಪುಡಿ ಹಾಕಿದ್ರ ಹಾಲು ಪಾತ್ರೆಯೊಳಗ ಅರ್ಧ ಪಚನ ಆಗತೈತ್ರಿ," ಎಂದೆ.

"ಇದನ್ನ ಯಾತರಿಂದ ಮಾಡ್ತಾರ್ರಿ ಬಾಯಾರ?" ಎಂದು ಸೊಸೆ ನೀಲವ್ವ ಕೇಳಿದಳು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹಂದಿ ಹೊಟ್ಟಿ ಒಳಗಿಂದ್ರಿ."

ಗಂಗವ್ವ ಕೊರಳಿನ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಸತ್ರೂ ಬ್ಯಾಡವ್ವಾ," ಎಂದು ಗೋಡೆಯ ಕಡೆ ತಿರುಗಿದಳು.

ಗಾಬರಿಯಲ್ಲಿ ಚೀಲವನ್ನೆಲ್ಲ ತಡಕಾಡಿದೆ. ತಳದಲ್ಲಿ ಇನ್ನೊಂದು ಪುಡಿ ಸಿಕ್ಕಿತು. ಅದು ಪಪ್ಪಾಯಿ ಕಾಯಿಯ ಹಾಲನ್ನು ಒಣಗಿಸಿ ಮಾಡಿದ್ದು.

"ನಮ್ಮ ಹೊಟ್ಟ್ಯಾಗಿನ ರಸ ಹಾಲಿನ ಸತ್ವಾನ ಸಣ್ಣ ಸಣ್ಣ ತುಂಡು ಮಾಡತೈತ್ರಿ. ಆವಾಗ ಅದು ಮೈಗೆ ಹತ್ತತೈತಿ. ಈ ಪಪ್ಪಾಯಿ ಪುಡೀನೂ ಅದನ್ನ ಮಾಡತೈತ್ರಿ," ಎಂದೆ.

"ಪಪ್ಪಾಯಿ ಆದ್ರ ಆಗಲೇಳ," ಎಂದಳು ಗಂಗವ್ವ ಗೋಡೆಗೇ.

ಬೆಚ್ಚಗಿನ ಹಾಲಿಗೆ ಪುಡಿ ಕಲಸಿ ಸ್ವಲ್ಪ ಹೊತ್ತು ಬಿಟ್ಟೆ. ಹಾಲು ತೀರ ಕಹಿಯಾಗಬಾರದೆಂದು ಆಮೇಲೆ ಕುದಿಸಿ, ಪುಡಿಯಲ್ಲಿನ ಕಿಣ್ವದ ಕೆಲಸ ನಿಲ್ಲಿಸಿದೆ. ಆರಿದ ಮೇಲೆ ಚಮಚೆಯಲ್ಲಿ ಕುಡಿಸಿ, ಕಾಯುತ್ತ ಕೂತೆ. ಹಾಲು ಹೊಟ್ಟೆಯಲ್ಲಿ ನಿಂತಿತು. ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎದ್ದು ಓಡಾಡುವಂತಾದ ಮೇಲೆ ಗಂಗವ್ವ ಕೇಳಿದಳು: "ಆ ಹಾಲು ಭಾಳ ಕಹಿ ಇತ್ತವ್ವಾ. ಚೂರು ಬೆಲ್ಲ ಹಾಕಿದ್ರ ಏನಾಗ್ತಿತ್ತು?"

ಏನೂ ಆಗುತ್ತಿರಲಿಲ್ಲ. ನನಗದು ಹೊಳೆದೇ ಇರಲಿಲ್ಲ, ಅಷ್ಟೆ.