ಡಬ್ಬಿ ಕಂಪನಿಯ ಚರಿತ್ರೆ ಬರೆಯಹೋಗಿ

ಡಬ್ಬಿಯಲ್ಲಿಟ್ಟ ಆಹಾರದ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ವಿಷಯ: ಅದನ್ನು ತೆರೆಯುವಾಗ ಕೈ ಕುಯ್ದುಕೊಳ್ಳುತ್ತದೆ. ಇಷ್ಟು ಪಾಂಡಿತ್ಯ ಇಟ್ಟುಕೊಂಡು ನಾನು ಒಂದು ಡಬ್ಬಿ ಕಂಪನಿಯ ಚರಿತ್ರೆ ಬರೆಯಲು ಒಪ್ಪಿಕೊಂಡೆ. ನಿವೃತ್ತ ಮೇಷ್ಟರ ಕೈಯಲ್ಲಿ ಊರಿನವರು ಏನು ಬೇಕಾದರೂ ಬರೆಸುತ್ತಾರೆ. ಲಗ್ನಪತ್ರಿಕೆ, ಅಭಿನಂದನಾ ಪತ್ರ, ಶ್ರದ್ಧಾಂಜಲಿ ಎಲ್ಲ ಆಗಿತ್ತು, ಇದೊಂದು ಬಾಕಿಯಿತ್ತು.

ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿರುವ ಆ ಕಾರ್ಖಾನೆಗೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಅದನ್ನು ಪೂರ್ತಿ ಉಚ್ಚರಿಸುವಷ್ಟು ಪುರಸೊತ್ತು ಬಸ್ಸಿನ ಕಂಡಕ್ಟರಿಗೆ ಇಲ್ಲವಾದ್ದರಿಂದ ಎಲ್ಲರಿಗೂ ಅದು ಡಬ್ಬಿ ಕಂಪ್ನಿ. ಸಿದ್ದರಬೆಟ್ಟದ ಸುತ್ತಿನ ಹಲಸು, ಪಾವಗಡದ ಕಡೆಯ ಮಾವು ಅಲ್ಲಿಗೆ ಬಂದು, ಸಕ್ಕರೆ ಪಾಕದಲ್ಲಿ ಮುಳುಗಿ, ತಗಡಿನೊಳಗೆ ಕೂತು ಎಲ್ಲೆಲ್ಲಿಗೋ ಹೊರಡುತ್ತವೆ. ಕಾರ್ಖಾನೆ ಕಟ್ಟಿದವರು ರುದ್ರಯ್ಯನವರು. ಅವರು ತೀರಿಕೊಂಡ ಮೇಲೆ ಮಗ ಸದಾಶಿವಯ್ಯ ನಡೆಸುತ್ತಿದ್ದಾರೆ. ಅವರೂ ಈಗ ನನ್ನ ವಯಸ್ಸಿನವರೇ.

ಬರೆಯುವ ಮೊದಲು ಸ್ವಲ್ಪ ಓದಿಕೊಂಡೆ. ಜಗತ್ತಿನಲ್ಲಿ ಡಬ್ಬಿ ಮೊದಲು ಹುಟ್ಟಿತಂತೆ. ಅದನ್ನು ತೆರೆಯುವ ಸಲಕರಣೆ ಹುಟ್ಟಿದ್ದು ಎಷ್ಟೋ ವರ್ಷಗಳ ನಂತರವಂತೆ. ಅಲ್ಲಿಯವರೆಗೆ ಉಳಿ ಸುತ್ತಿಗೆಯೇ ಗತಿ. ಮುಚ್ಚುವುದರಲ್ಲಿ ಮನುಷ್ಯ ತೋರಿಸುವ ಉತ್ಸಾಹ ತೆರೆಯುವುದರಲ್ಲಿ ಇರುವುದಿಲ್ಲ ಎಂದು ನಾನು ಒಂದು ವಾಕ್ಯ ಗೀಚಿ, ಬಹಳ ಮೇಷ್ಟರ ವಾಸನೆ ಬಂತೆಂದು ಹೊಡೆದುಹಾಕಿದೆ.

ಓದಿದ ಮೇಲೆ ನಾಲ್ಕು ಜನರನ್ನು ಕೇಳಬೇಕಲ್ಲ. ಕಾರ್ಖಾನೆಯಲ್ಲಿ ಹಲಸಿನ ತೊಳೆ ಬಿಡಿಸುವ ಪಾವಗಡದ ಲಕ್ಷ್ಮಕ್ಕನನ್ನು ಡಬ್ಬಿ ಹಣ್ಣಿನ ರುಚಿ ಹೇಗಿರುತ್ತದೆ ಎಂದು ಕೇಳಿದೆ. "ಅಯ್ಯೋ ದೇವುಡಾ, ನಂಗೇನ್ ಗೊತ್ತು ಸಾರ್? ಡಬ್ಬೀಲಿರೋದು ದೂರದೋರು ತಿನ್ನಾದು. ನಮ್ಗೆ ಮರಾನೇ ಐತಲ್ಲ!" ಎಂದು ನಕ್ಕಳು. ಗುಮಾಸ್ತರು ತಿಂದಿರಲಿಲ್ಲ. ಲಾರಿ ಡ್ರೈವರು ತಿಂದಿರಲಿಲ್ಲ. ಇಷ್ಟು ಕಾಲ ಒಂದು ಊರಿಗೆ ಊರೇ ತಾನು ತಿನ್ನದ್ದನ್ನು ಇಷ್ಟು ಶ್ರದ್ಧೆಯಿಂದ ಮಾಡುತ್ತಾ ಬಂದಿದೆಯಲ್ಲ ಎಂದು ನನಗೆ ಅಚ್ಚರಿಯೂ ಆಯಿತು, ಸ್ವಲ್ಪ ಗೌರವವೂ ಬಂತು.

ಎಲ್ಲರಿಗಿಂತ ದೊಡ್ಡ ತಿನ್ನದವರು ಕಾರ್ಖಾನೆಯ ಒಡತಿಯೇ. ಸದಾಶಿವಯ್ಯನವರ ತಾಯಿ ಗಿರಿಜಮ್ಮ ಕಟ್ಟಾ ಆಚಾರದವರು. ಅವತ್ತಿನ ಅಡುಗೆ ಅವತ್ತಿಗೇ. ಕೊರಳಿನ ಲಿಂಗಕ್ಕೆ ತೋರಿಸದೆ ಏನನ್ನೂ ಬಾಯಿಗಿಡುವುದಿಲ್ಲ. ಈ ಲೆಕ್ಕದಲ್ಲಿ ಡಬ್ಬಿಯೆಂದರೆ ತಂಗಳಿನ ಮುತ್ತಜ್ಜ.

"ನಮ್ಮಪ್ಪ ಹೋಗೋವರ್ಗೂ ಅಮ್ಮ ಒಂದ್ ತೊಳೆ ರುಚಿ ನೋಡ್ಲಿಲ್ಲ, ಆಮೇಲೂ ಇಲ್ಲ ಕಣ್ರೀ" ಎಂದರು ಸದಾಶಿವಯ್ಯ. "ನಾನೂ ಜೀವ ತೇಯ್ದಿದ್ದೀನಿ ಇದ್ರಲ್ಲಿ. ಒಂದ್ಸಲ ಅವ್ಳ ಬಾಯಲ್ಲಿ ಚೆನ್ನಾಗೈತೆ ಅಂತ ಕೇಳ್ಬುಟ್ರೆ ಸಾಕು ಅನ್ಸುತ್ತೆ. ತಿನ್ನವ್ವ ಅಂತ ಬಾಯ್ಬಿಟ್ಟು ಹೇಳಾಕೆ ಧೈರ್ಯ ಇಲ್ಲ. ಪುಸ್ತಕದಾಗೆ ತಿನ್ನೋ ಹಂಗೆ ಒಂದು ಫೋಟೋನಾದ್ರೂ ಇರ್ಲಿ ಮೇಷ್ಟ್ರೇ." ದೇಶಾಂತರದ ವ್ಯಾಪಾರಿಗಳ ಜೊತೆ ಜಗಳವಾಡುವ ಮನುಷ್ಯ ಇದನ್ನು ಗೋಡೆ ನೋಡಿಕೊಂಡು ಹೇಳಿದರು.

ಫೋಟೋದ ದಿನ ನಾನೂ ಅವರ ಮನೆಗೆ ಹೋದೆ. ಬೆಳ್ಳಿಯ ಬಟ್ಟಲಲ್ಲಿ ತೊಳೆಗಳು ಹೊಳೆಯುತ್ತಿದ್ದವು. "ಫೋಟೋಗೆ ತಾನೆ? ಬಾಯ್ ತೆಗೀತೀನಿ ಬುಡು, ಅದಕ್ಕೇನಂತೆ" ಎಂದ ಗಿರಿಜಮ್ಮ ಚಮಚ ಎತ್ತಿ ಹಲ್ಲಿನ ಡಾಕ್ಟರ ಮುಂದೆ ಕೂತವರಂತೆ ಬಾಯಿ ತೆರೆದರು. ಫೋಟೋ ಆಯಿತು. ಚಮಚ ತುಂಬಿದ್ದು ತುಂಬಿದ ಹಾಗೆ ಬಟ್ಟಲಿಗೆ ವಾಪಸು ಬಂತು.

ಅಡಿಬರಹ ಬರೆಯಬೇಕಾದವನು ನಾನು. "ಅಮ್ಮಾ, ಇದರ ಕೆಳಗೆ ತಿಂದರು ಅಂತ ಹಾಕಲೋ, ತಿನ್ನಲಿಲ್ಲ ಅಂತ ಹಾಕಲೋ?" ಎಂದು ತಮಾಷೆ ಮಾಡಿದೆ.

"ತಿನ್ನು ಅಂತ ಯಾರೂ ಅನ್ಲಿಲ್ಲ ಅಂತ ಹಾಕ್ರಿ ಮೇಷ್ಟ್ರೇ" ಎಂದರು ಗಿರಿಜಮ್ಮ. ದನಿಯಲ್ಲಿ ತಮಾಷೆ ಇರಲಿಲ್ಲ. "ನಮ್ ಯಜಮಾನ್ರು ಬಂದ್ ಹೋಗೋ ವ್ಯಾಪಾರಿಗಳ್ಗೆಲ್ಲ ಕರ್ದು ಕರ್ದು ರುಚಿ ತೋರ್ಸಿದ್ರು. ನನ್ನ ಮಾತ್ರ ಕೇಳ್ಲೇ ಇಲ್ಲ. ಇವ್ಳು ತಿನ್ನಲ್ಲ ಅಂತ ಅವ್ರೇ ತೀರ್ಮಾನ ಮಾಡ್ಬುಟ್ರು. ಹಣ್ಣು ತಾನೆ? ಲಿಂಗಕ್ಕೆ ತೋರ್ಸಿ ತಿಂತಿದ್ದೆ."

ನಗುವುದಕ್ಕೆಂದು ಬಾಯಿ ತೆರೆದಿದ್ದ ನಾನು ಹಾಗೇ ಮುಚ್ಚಿಕೊಂಡೆ. ಆಕೆಯ ಆಚಾರಕ್ಕೆ ಅಂಜಿ ಗಂಡ ಕೇಳಲಿಲ್ಲ. ಕೇಳದಿದ್ದುದಕ್ಕೆ ನೊಂದು ಹೆಂಡತಿ ಹೇಳಲಿಲ್ಲ. ನನಗೆ ನಿಜವಾಗಿ ದುಃಖವಾಯಿತು.

ಫೋಟೋ ತೆಗೆಯುವವನ ಪಕ್ಕ ನಿಂತಿದ್ದ ಸದಾಶಿವಯ್ಯ ಬಂದು ತಾಯಿಯ ಕಾಲ ಬಳಿ ನೆಲದ ಮೇಲೆ ಕೂತರು. "ಅಮ್ಮ, ಒಂಚೂರು ತಿಂದು ನೋಡವ್ವ" ಎಂದರು.

ಗಿರಿಜಮ್ಮ ಬಟ್ಟಲನ್ನು ಎದೆಯ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಒಂದು ತೊಳೆ ಬಾಯಿಗಿಟ್ಟು ನಿಧಾನವಾಗಿ ಅಗಿದರು.

"ಪಾಕ ಜಾಸ್ತಿ ಆಯ್ತು ಕಣ್ಲಾ. ಹಣ್ಣಿನ ಘಮಾನೇ ಗೊತ್ತಾಗಲ್ಲ. ನಿಮ್ಮಪ್ಪ ಕೇಳಿದ್ರೆ ಆವತ್ತೇ ಹೇಳ್ತಿದ್ದೆ."

ಚೆನ್ನಾಗಿದೆ ಎಂಬ ಮಾತಿಗೆ ಇಷ್ಟು ವರ್ಷ ಕಾದಿದ್ದ ಮಗನ ಮುಖ ಬಾಡೀತೆಂದು ನಾನು ಹೆದರಿದೆ. ಅವರು ಕಣ್ಣೊರೆಸಿಕೊಂಡು ನಗುತ್ತಿದ್ದರು. "ಜಾಸ್ತಿನಾ ಅಮ್ಮ? ಎಷ್ಟ್ ಜಾಸ್ತಿ?" ಎಂದು ಮತ್ತೆ ಮತ್ತೆ ಕೇಳಿದರು.

"ಒಂದ್ ತೊಳೇಲಿ ಹೆಂಗ್ ಹೇಳಾದು?" ಎಂದ ಗಿರಿಜಮ್ಮ ಬಟ್ಟಲನ್ನು ಮಡಿಲಿಗೆ ಎಳೆದುಕೊಂಡರು.