ಅಕ್ಕನ ಮೇಲ್ ಮತ್ತು ಆ ಹುಳು

ಅಕ್ಕ ಮುಂಬೈಯ ದಾದರಿನ ಸಾಗಣೆ ಕಂಪನಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದಳು. ಮದುವೆ ಗೊತ್ತಾಗಿತ್ತು. ದಹಿಸರಿನ ಹುಡುಗ ಆಗಾಗ ಅವಳ ಆಫೀಸಿನ ವಿಳಾಸಕ್ಕೆ ಇ-ಮೇಲ್ ಕಳಿಸುತ್ತಿದ್ದ.

ಒಂದು ಬೆಳಿಗ್ಗೆ ಅವನ ಮೇಲ್ ಓದಿ ಮುಗಿಸುವಷ್ಟರಲ್ಲಿ ಆಫೀಸಿನ ಕಂಪ್ಯೂಟರುಗಳೆಲ್ಲ ತಾವಾಗಿಯೇ ಬಂದ್ ಆಗಿ, ಮತ್ತೆ ಶುರುವಾಗಿ, ಮತ್ತೆ ಬಂದ್ ಆಗತೊಡಗಿದವು. ಬಿಲ್ ಸಿಗದೆ ಟ್ರಕ್ಕುಗಳು ಗೋದಾಮಿನಲ್ಲೇ ನಿಂತವು. ಪ್ರೇಮಪತ್ರದ ಹೆಸರಿನ ಮೇಲ್ ತೆರೆದರೆ ವೈರಸ್ ಹರಡುತ್ತದೆಂದು ಮ್ಯಾನೇಜರ್ ಎಲ್ಲೋ ಓದಿದ್ದರು. ಬೆಳಿಗ್ಗೆ ಯಾರು ಮೇಲ್ ನೋಡಿದ್ದು ಎಂದು ಕೇಳಿದಾಗ ಅಕ್ಕ ಸುಳ್ಳು ಹೇಳಲಿಲ್ಲ.

ಸಂಜೆಯೊಳಗೆ ಕೆಲಸ ಹೋಯಿತು. ಚೆಂಬೂರಿನ ನಮ್ಮ ಬಿಲ್ಡಿಂಗಿಗೆ ಸುದ್ದಿ ಬರುವಾಗ ಅವಳು ಲವ್ ಲೆಟರ್ ಓದಿ ಕಂಪ್ಯೂಟರುಗಳನ್ನೆಲ್ಲ ಸುಟ್ಟಿದ್ದಳು. ದಹಿಸರಿಗೆ ಮುಟ್ಟುವಾಗ ಆ ಲೆಟರ್ ಬೇರೆ ಯಾವನದೋ ಆಗಿತ್ತು. ತನ್ನದೇ ಮೇಲ್ ಎಂದು ಹುಡುಗ ಒಂದು ಮಾತು ಹೇಳಬಹುದಿತ್ತು. ಹೇಳಿದರೆ ವೈರಸ್ ಕಳಿಸಿದ ಅಪವಾದ ತನಗೆ ಬರುತ್ತದೆಂದು ಸುಮ್ಮನಿದ್ದ. ಮದುವೆ ಮುರಿಯಿತು. ಅಕ್ಕ ಮತ್ತೆಂದೂ ಕಂಪ್ಯೂಟರ್ ಮುಟ್ಟಲಿಲ್ಲ. ತಪ್ಪು ತನ್ನದೇ ಎಂದು ಅವಳೂ ನಂಬಿದ್ದಳು.

ಎಷ್ಟೋ ವರ್ಷಗಳ ನಂತರ, ನೆಟ್‌ವರ್ಕ್ ಕೆಲಸಕ್ಕೆ ಸೇರಿದ ನಾನು ತರಬೇತಿಯಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾವಾಗಿ ಹರಡುವ ಹಳೆಯ ‘ವರ್ಮ್’ ಹುಳುಗಳ ಬಗ್ಗೆ ಕಲಿತು ಬಂದು ಅವಳನ್ನು ಕೇಳಿದೆ, "ಆ ದಿನ ಕಂಪ್ಯೂಟರ್ ಬಂದ್ ಆಗುವ ಮೊದಲು ಸ್ಕ್ರೀನಲ್ಲಿ ಸೆಕೆಂಡ್ ಎಣಿಸ್ತಿತ್ತಾ?"

"ಹೌದು. ಯಾಕೆ?"

"ಹಾಗಾದ್ರೆ ಅದು ಇ-ಮೇಲಲ್ಲಿ ಬಂದದ್ದೇ ಅಲ್ಲ. ಆ ಹುಳಕ್ಕೆ ಯಾರೂ ಏನೂ ಓಪನ್ ಮಾಡುದು ಬೇಡ. ಸಿಸ್ಟಮಲ್ಲಿ ಒಂದು ತೂತಿತ್ತು, ಅಲ್ಲಿಂದ ತಾನಾಗಿ ನುಗ್ಗಿದ್ದು. ತೂತು ಮುಚ್ಚುವ ಅಪ್‌ಡೇಟ್ ಮೊದಲೇ ಬಂದಿತ್ತು, ನಿಮ್ಮ ಆಫೀಸಿನವರು ಹಾಕಿರ್ಲಿಲ್ಲ. ಲವ್ ಲೆಟರಿನ ವೈರಸ್ ಬೇರೆ, ಇದು ಬೇರೆ."

ಅಕ್ಕ ಗ್ಯಾಸ್ ಆರಿಸಿ ಸ್ಟೂಲಿನ ಮೇಲೆ ಕೂತಳು. "ಅಮ್ಮ ಸಾಯುವಾಗ್ಲೂ ಕೇಳಿದ್ಳು ಮಾರಾಯ್ತಿ, ಆ ಮೇಲ್ ಯಾಕೆ ನೋಡಿದೆ ಅಂತ."

ಆಮೇಲೆ, "ಆ ಮ್ಯಾನೇಜರಿಗೆ ಫೋನ್ ಮಾಡು," ಎಂದಳು. ನಿವೃತ್ತರಾದ ಮ್ಯಾನೇಜರರ ನಂಬರ್ ಹೇಗೋ ಸಿಕ್ಕಿತು. ನಾನು ಪರಿಚಯ ಹೇಳುತ್ತಿದ್ದಂತೆ ಅವರು ನಕ್ಕರು. "ಅರೇ, ವೋ ಲವ್ ಲೆಟರ್‌ವಾಲೀ?"

ಅಕ್ಕ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. "ಸಾಬ್, ಮೈನೇ ಕುಛ್ ನಹೀಂ ಕಿಯಾ ಥಾ," ನಾನೇನೂ ಮಾಡಿರಲಿಲ್ಲ ಎಂದಳು.

"ಛೋಡೋ ಬೇಟಾ, ಪುರಾನೀ ಬಾತ್ ಹೈ," ಹಳೆಯ ಮಾತು, ಬಿಟ್ಟುಬಿಡು ಎಂದು ಅವರು ಫೋನ್ ಇಟ್ಟರು.